ಹಳೆಯ ಕ್ರಾಂತಿ, ಹೊಸ ಚಳವಳಿ: ಯಾವುದು ಮರುಓದು, ಯಾವುದು ತಿರುಚುವಿಕೆ?

ಪ್ರಶ್ನೆ: ನಮ್ಮ ಅಧ್ಯಯನ ಬಳಗ ಕ್ರಾಂತಿಗಳ ನೆನಪು ಮತ್ತು ಇಂದಿನ ಚಳವಳಿಗಳ ಬಗ್ಗೆ ಒಂದು ಫಲಕ ಪ್ರದರ್ಶನ ಸಿದ್ಧಪಡಿಸುತ್ತಿದೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬರಿಗೊಬ್ಬರು ಆಗದ ಗುಂಪುಗಳು ಒಬ್ಬನೇ ಕ್ರಾಂತಿಕಾರಿಯನ್ನು ತಮ್ಮವನೆನ್ನುತ್ತವೆ. ಪ್ರತಿ ತಲೆಮಾರೂ ಕಥೆಗೆ ಏನನ್ನೋ ಸೇರಿಸಿದೆ, ಏನನ್ನೋ ಬಿಟ್ಟಿದೆ. ಇದನ್ನು ಮರುವ್ಯಾಖ್ಯಾನ ಅನ್ನಬೇಕೋ, ಚರಿತ್ರೆಯನ್ನು ತಿರುಚುವುದು ಅನ್ನಬೇಕೋ? ಪರೀಕ್ಷಿಸಲು ಏನಾದರೂ ಕ್ರಮ ಇದೆಯೇ?

ಉತ್ತರ: ಇದೆ. ಆದರೆ ಮೊದಲು ಒಂದು ಮಾತು. ಆಯ್ಕೆ ಮಾಡಿಕೊಂಡದ್ದೇ ತಪ್ಪು ಎಂದು ಹೊರಟರೆ ಒಂದು ಫಲಕವೂ ಉಳಿಯುವುದಿಲ್ಲ. ಹಲವು ವರ್ಷ ನಡೆದ ಕ್ರಾಂತಿಯಿಂದ ಯಾವ ಚಳವಳಿಯಾದರೂ ತನಗೆ ಬೇಕಾದ ನಾಲ್ಕು ಸಂಗತಿಗಳನ್ನೇ ಎತ್ತಿಕೊಳ್ಳುತ್ತದೆ. ನೀವು ನೋಡಬೇಕಾದದ್ದು, ಎತ್ತಿಕೊಂಡ ಮುಖದ ಜೊತೆಗೆ ಆ ಮುಖದ ಬೇಡಿಕೆಯೂ ಬಂದಿದೆಯೇ ಎಂಬುದನ್ನು. ಮುಖ ಉಳಿಸಿಕೊಂಡು ಬೇಡಿಕೆ ಅಳಿಸಿದ್ದರೆ ಅದು ತಿರುಚುವಿಕೆ. ಬೇಡಿಕೆ ಉಳಿಸಿಕೊಂಡು ಅದನ್ನು ಹೊಸ ಕಾಲಕ್ಕೆ, ಹೊಸ ಜನರಿಗೆ ವಿಸ್ತರಿಸಿದ್ದರೆ ಅದು ಮರುಓದು. ವಿಸ್ತರಿಸಿದ್ದು ಎಷ್ಟು ಎಂಬುದನ್ನು ಮಾತ್ರ ಬಚ್ಚಿಡಬಾರದು.

ಕೆಲಸ ಶುರು ಮಾಡುವಾಗ ಪ್ರತಿ ಫಲಕದ ಕರಡಿನ ಮೇಲ್ಭಾಗದಲ್ಲಿ ಮೂರು ಇಸವಿ ಬರೆಯಿರಿ: ಘಟನೆ ನಡೆದದ್ದು ಯಾವಾಗ, ಅದರ ನೆನಪು ಈಗಿನ ರೂಪ ಪಡೆದದ್ದು ಯಾವಾಗ, ಚಳವಳಿ ಅದನ್ನು ಬಳಸಿದ್ದು ಯಾವಾಗ. ಬಹುತೇಕ ತಪ್ಪುಗಳು ಎರಡನೆಯ ಇಸವಿ ಬಿಟ್ಟುಹೋಗುವುದರಿಂದ ಆಗುತ್ತವೆ. ಬಾಸ್ಟೀಲ್ ಕೋಟೆಯನ್ನೇ ನೋಡಿ. 1789ರ ಜುಲೈ 14ರಂದು ಜನ ಅದಕ್ಕೆ ನುಗ್ಗಿದಾಗ ಒಳಗಿದ್ದ ಕೈದಿಗಳು 7 ಮಂದಿ. ಜನರಿಗೆ ಮುಖ್ಯವಾಗಿ ಬೇಕಿದ್ದದ್ದು ಅಲ್ಲಿದ್ದ ಮದ್ದು. ಆ ದಿನ ಫ್ರಾನ್ಸಿನ ರಾಷ್ಟ್ರೀಯ ಹಬ್ಬವಾದದ್ದು 1880ರಲ್ಲಿ, ಮೂರನೆಯ ಗಣರಾಜ್ಯ ತನ್ನ ಬೇರು ಗಟ್ಟಿಮಾಡಿಕೊಳ್ಳುತ್ತಿದ್ದಾಗ. 1871ರಲ್ಲಿ ಕೆಲವು ವಾರ ನಗರವನ್ನಾಳಿದ ಬಂಡಾಯ ಆಡಳಿತವಾದ ಪ್ಯಾರಿಸ್ ಕಮ್ಯೂನಿನಲ್ಲಿ ಪಾಲ್ಗೊಂಡು ಶಿಕ್ಷೆಗೊಳಗಾದವರಿಗೆ ಪೂರ್ಣ ಕ್ಷಮಾದಾನ ಸಿಕ್ಕಿದ್ದೂ ಅದೇ 1880ರ ಜುಲೈನಲ್ಲಿ. ಒಂದು ಕ್ರಾಂತಿಯನ್ನು ಹಬ್ಬ ಮಾಡುವ ಹೊತ್ತಿಗೇ ಇನ್ನೊಂದರ ಗಾಯವನ್ನು ಮುಚ್ಚುವ ಕೆಲಸವೂ ನಡೆದಿತ್ತು. 1789 ಎಂದಷ್ಟೇ ಬರೆದ ಫಲಕ ಇದನ್ನು ತೋರಿಸಲಾರದು.

ಈಗ ಬೇಡಿಕೆಯ ಪರೀಕ್ಷೆ. ಇದಕ್ಕೆ ಮೆಕ್ಸಿಕೋ ಕ್ರಾಂತಿಯ ರೈತ ನಾಯಕ ಎಮಿಲಿಯಾನೊ ಜಪಾಟಾಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಿಮ್ಮ ಪ್ರದರ್ಶನದಲ್ಲಿ ಅವನಿಗೆ ಎರಡು ಫಲಕ ಕೊಟ್ಟರೂ ಹೆಚ್ಚಾಗದು.

ಜಪಾಟಾ ಮೊರೆಲೋಸ್ ಪ್ರಾಂತದ ಅನೆನೆಕುಯಿಲ್ಕೊ ಎಂಬ ಹಳ್ಳಿಯವನು. 1909ರಲ್ಲಿ ಊರವರು ಅವನನ್ನು ಮುಖಂಡನಾಗಿ ಆರಿಸಿ, ಊರಿನ ಜಮೀನಿನ ಹಳೆಯ ದಾಖಲೆಪತ್ರಗಳನ್ನು ಅವನ ವಶಕ್ಕೆ ಕೊಟ್ಟರು. ಕಬ್ಬಿನ ದೊಡ್ಡ ಎಸ್ಟೇಟುಗಳು ಹಳ್ಳಿಗಳ ನೆಲ ನೀರು ನುಂಗುತ್ತಿದ್ದ ಕಾಲ ಅದು. 1911ರ ನವೆಂಬರ್‌ನಲ್ಲಿ ಹೊರಟ ಅಯಾಲಾ ಯೋಜನೆ ಅವನ ಚಳವಳಿಯ ಮೂಲ ದಾಖಲೆ. ಅದರ 6, 7 ಮತ್ತು 8ನೆಯ ಕಲಮುಗಳನ್ನು ಬಳಗದವರೆಲ್ಲ ಕೂತು ಓದಿ. ಹಕ್ಕುಪತ್ರ ಇದ್ದೂ ನೆಲ ಕಳೆದುಕೊಂಡ ಹಳ್ಳಿಗಳು ಕೂಡಲೇ ಅದನ್ನು ವಶಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ 6ನೆಯದು. ದೊಡ್ಡ ಭೂಮಾಲೀಕರಿಂದ ಮೂರರಲ್ಲಿ ಒಂದು ಪಾಲನ್ನು ಪರಿಹಾರ ಕೊಟ್ಟು ಪಡೆಯಬೇಕು ಎನ್ನುತ್ತದೆ 7ನೆಯದು. ಯೋಜನೆಯನ್ನು ವಿರೋಧಿಸುವವರ ಉಳಿದ ಎರಡು ಪಾಲೂ ರಾಷ್ಟ್ರದ್ದಾಗಬೇಕು ಎನ್ನುತ್ತದೆ 8ನೆಯದು. ಹಾಗಾಗಿ "ಜಪಾಟಾ ಎಲ್ಲ ಭೂಮಿಯ ರಾಷ್ಟ್ರೀಕರಣ ಕೇಳಿದ" ಎಂದು ಬರೆದರೆ ತಪ್ಪು, "ಸುಮ್ಮನೆ ಭೂಸುಧಾರಣೆ ಕೇಳಿದ" ಎಂದು ಬರೆದರೂ ತಪ್ಪು. ಅವನು ಮೊದಲು ಕೇಳಿದ್ದು ಕಸಿದುಕೊಂಡ ನೆಲದ ವಾಪಸಾತಿ, ಅದೂ ತಕ್ಷಣ.

1919ರ ಏಪ್ರಿಲ್ 10ರಂದು ಚಿನಾಮೆಕಾ ಎಸ್ಟೇಟಿನಲ್ಲಿ ಅಧ್ಯಕ್ಷ ಕರಾಂಜಾನ ಸರ್ಕಾರದ ಸೇನಾಧಿಕಾರಿಯೊಬ್ಬ ಪಕ್ಷಾಂತರದ ನಾಟಕವಾಡಿ ಅವನನ್ನು ಕರೆಸಿ ಕೊಲ್ಲಿಸಿದ. ಮುಂದಿನ ವರ್ಷ ಕರಾಂಜಾನೇ ಉರುಳಿದ. ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಮೊರೆಲೋಸಿನ ರೈತರ ಬೆಂಬಲ ಬೇಕಿತ್ತು. 1924ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಕಾಯೆಸ್, ಜಪಾಟಾ ಸತ್ತ ದಿನದಂದೇ ಅವನ ಸಮಾಧಿಗೆ ಹೋಗಿ ತಾನು ಆ ಕಾರ್ಯಕ್ರಮದ ವಾರಸುದಾರ ಎಂದು ಸಾರಿದ. ಅಲ್ಲಿಂದ ಮುಂದೆ ಜಪಾಟಾ ಸರ್ಕಾರಿ ವೀರ. ಪ್ರತಿಮೆ, ಪಠ್ಯ, ರಸ್ತೆಯ ಹೆಸರು ಎಲ್ಲದರಲ್ಲೂ ಅವನು. 1979ರಲ್ಲಿ ಅವನ ಅಸ್ಥಿಯನ್ನು ರಾಜಧಾನಿಯ ಕ್ರಾಂತಿ ಸ್ಮಾರಕಕ್ಕೆ ಸಾಗಿಸುವ ಯೋಚನೆ ಬಂತು. ಅದೇ ಸ್ಮಾರಕದಲ್ಲಿ 1942ರಿಂದಲೇ ಕರಾಂಜಾನ ಅಸ್ಥಿಯೂ ಇತ್ತು. ಮೊರೆಲೋಸಿನ ರೈತರು ವಿರೋಧಿಸಿದರು, ಅಸ್ಥಿ ಕದಲಲಿಲ್ಲ.

ಆದರೂ ಈ ಸರ್ಕಾರಿ ಜಪಾಟಾ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಿ. 1917ರ ಸಂವಿಧಾನದ 27ನೆಯ ವಿಧಿಯ ಅಡಿಯಲ್ಲಿ, ಅದರಲ್ಲೂ 1930ರ ದಶಕದಲ್ಲಿ ಕಾರ್ಡೆನಾಸ್ ಅಧ್ಯಕ್ಷನಾಗಿದ್ದಾಗ, ಹಳ್ಳಿಗಳಿಗೆ ನಿಜವಾಗಿ ಭೂಮಿ ಹಂಚಿಕೆಯಾಯಿತು. ಮುಖದ ಜೊತೆ ಬೇಡಿಕೆ ಕುಂಟುತ್ತಲಾದರೂ ನಡೆದಿತ್ತು. ಅದು ಕಳಚಿಬಿದ್ದದ್ದು 1992ರಲ್ಲಿ. ಅಧ್ಯಕ್ಷ ಸಾಲಿನಾಸ್ ಸರ್ಕಾರ 27ನೆಯ ವಿಧಿಗೆ ತಿದ್ದುಪಡಿ ತಂದು ಭೂಮಿ ಹಂಚುವ ಹೊಣೆಯಿಂದ ಕೈತೊಳೆದುಕೊಂಡಿತು, ಹಳ್ಳಿಗಳ ಸಾಮುದಾಯಿಕ ಭೂಮಿಯನ್ನು ಮಾರಲು, ಗುತ್ತಿಗೆಗೆ ಕೊಡಲು ದಾರಿ ತೆರೆಯಿತು. ಅದೇ ಸರ್ಕಾರ ಜಪಾಟಾನ ಚಿತ್ರವನ್ನು ಮಾತ್ರ ಇಳಿಸಲಿಲ್ಲ. ಎರಡು ವರ್ಷಕ್ಕೆ, 1994ರ ಜನವರಿ 1ರಂದು, ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ದಿನವೇ, ಮೆಕ್ಸಿಕೋದ ದಕ್ಷಿಣದ ಪ್ರಾಂತವಾದ ಚಿಯಾಪಾಸಿನ ಮಾಯಾ ಮೂಲನಿವಾಸಿಗಳ ಸೇನೆಯೊಂದು ಜಪಾಟಾನ ಹೆಸರು ಹೊತ್ತು ಬಂಡೆದ್ದಿತು.

ಜಪಾಟಾ ಚಿಯಾಪಾಸಿನಲ್ಲಿ ಹೋರಾಡಿದವನೇ ಅಲ್ಲ. ಅವನ ಯುದ್ಧವೆಲ್ಲ ಮೊರೆಲೋಸ್ ಮತ್ತು ಅದರ ಸುತ್ತಮುತ್ತ. ಮಾಯಾ ಪರಂಪರೆಯ ವೋತಾನ್ ಎಂಬ ಪುರಾಣಪುರುಷನ ಹೆಸರನ್ನು ಜಪಾಟಾ ಜೊತೆ ಜೋಡಿಸಿ ಈ ಬಂಡುಕೋರರು ಹೊಸ ಮೂರ್ತಿಯನ್ನೇ ಕಟ್ಟಿದರು. ಅವರು ಹೊರಡಿಸಿದ ಮಹಿಳೆಯರ ಕ್ರಾಂತಿಕಾರಿ ಕಾನೂನಿಗೆ ಅಯಾಲಾ ಯೋಜನೆಯಲ್ಲಿ ಬೀಜವೂ ಇಲ್ಲ. ಮೂಲನಿವಾಸಿಗಳ ಸ್ವಾಯತ್ತತೆಯ ಭಾಷೆಯೂ ಆ ಯೋಜನೆಯದಲ್ಲ. ಇಷ್ಟೆಲ್ಲ ಸೇರಿಸಿದರೂ ನೆಲದ ಬೇಡಿಕೆಯನ್ನು ಅವರು ಕೈಬಿಡಲಿಲ್ಲ. ಆದ್ದರಿಂದ ನನ್ನ ತೀರ್ಪು ಸ್ಪಷ್ಟ: ಊರು, ಭಾಷೆ, ಕಾಲ ಮೂರೂ ಬೇರೆಯಾಗಿದ್ದ ಚಿಯಾಪಾಸಿನವರ ಓದು ಜಪಾಟಾಗೆ ಹತ್ತಿರ, ಚಿತ್ರವನ್ನು ಗೋಡೆಯಲ್ಲಿ ಉಳಿಸಿಕೊಂಡ ಸರ್ಕಾರದ ಓದು ದೂರ. ಆದರೆ ನಿಮ್ಮ ಫಲಕದಲ್ಲಿ "ಇವು 1990ರ ದಶಕದಲ್ಲಿ ಸೇರಿದ್ದು" ಎಂಬ ಸಾಲು ಇರಲೇಬೇಕು. ಇಲ್ಲದಿದ್ದರೆ ನೋಡುವವರು ಮಹಿಳೆಯರ ಕಾನೂನನ್ನೂ 1911ಕ್ಕೆ ಒಯ್ದು ಕೂರಿಸುತ್ತಾರೆ.

ಇನ್ನು, ಓದು ಬದಲಾದಾಗಲೆಲ್ಲ ಅದಕ್ಕೆ ರಾಜಕೀಯವೇ ಕಾರಣ ಎಂದು ತಿಳಿಯಬೇಡಿ. ಎಷ್ಟೋ ಸಲ ಹೊಸ ದಾಖಲೆ ಸಿಕ್ಕಿರುತ್ತದೆ. ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ, 1647ರಲ್ಲಿ, ಲಂಡನ್ ಬಳಿಯ ಪಟ್ನಿ ಎಂಬಲ್ಲಿ ಸೈನಿಕರ ಪ್ರತಿನಿಧಿಗಳೂ ಅಧಿಕಾರಿಗಳೂ ಮತದಾನದ ಹಕ್ಕು ಯಾರಿಗಿರಬೇಕು ಎಂದು ವಾದಿಸಿದರು. ಆ ವಾದದ ಲಿಖಿತ ದಾಖಲೆ ಆಕ್ಸ್‌ಫರ್ಡಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಬೆಳಕಿಗೆ ಬಂದದ್ದು 1890ರಲ್ಲಿ. ಮತದಾನದ ಹಕ್ಕಿಗಾಗಿ 1830 ಮತ್ತು 40ರ ದಶಕಗಳಲ್ಲಿ ಹೋರಾಡಿದ ಚಾರ್ಟಿಸ್ಟರು ಪಟ್ನಿಯ ಮಾತುಗಳನ್ನು ಉದ್ಧರಿಸಲಿಲ್ಲವೆಂದರೆ ಅವರು ಅದನ್ನು ಮುಚ್ಚಿಟ್ಟರೆಂದಲ್ಲ, ಅದು ಅವರ ಕೈಗೆ ಸಿಕ್ಕಿರಲಿಲ್ಲ. ಇನ್ನು ಕೆಲವೊಮ್ಮೆ ದಾಖಲೆ ಇದ್ದೂ ಕೇಳುವವರಿರುವುದಿಲ್ಲ. ಒಲಿಂಪ್ ದ ಗೂಜ್ 1791ರಲ್ಲೇ ಮಹಿಳೆಯರ ಹಕ್ಕುಗಳ ಘೋಷಣೆಯನ್ನು ಅಚ್ಚು ಹಾಕಿಸಿದ್ದಳು, 1793ರ ನವೆಂಬರ್‌ನಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟಳು. ಫ್ರೆಂಚ್ ಕ್ರಾಂತಿಯ ಚರಿತ್ರೆಯಲ್ಲಿ ಅವಳಿಗೆ ಸರಿಯಾದ ಜಾಗ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಮಹಿಳಾ ಚಳವಳಿ ಹೊಸ ಪ್ರಶ್ನೆ ಹಿಡಿದು ಹಳೆಯ ಕಾಗದಗಳ ಬಳಿಗೆ ಹೋದ ಮೇಲೆ. ಹೀಗೆ ಹೊಸ ದಾಖಲೆ, ಹೊಸ ಪ್ರಶ್ನೆ, ಹೊಸ ಅಗತ್ಯ ಎಂದು ಮೂರು ಕಾರಣಗಳಿಂದ ಓದು ಬದಲಾಗುತ್ತದೆ. ಮೂರನೆಯದು ಮಾತ್ರ ಇದ್ದು ಮೊದಲ ಎರಡು ಇಲ್ಲದಿದ್ದರೆ ಎರಡು ಪಟ್ಟು ಎಚ್ಚರ ಬೇಕು.

ಒಂದೇ ಕ್ರಾಂತಿಯನ್ನು ವಿರೋಧಿಗಳಿಬ್ಬರೂ ತಮ್ಮದೆಂದಾಗ ಏನು ಮಾಡಬೇಕು? ಅವರ ಭಾಷಣಗಳನ್ನು ಪಕ್ಕಕ್ಕಿಟ್ಟು, ಕ್ರಾಂತಿ ನಡೆದ ದಿನಗಳಲ್ಲಿ ಹೊರಟ ಆದೇಶಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಪ್ಯಾರಿಸ್ ಕಮ್ಯೂನ್ 1871ರ ಮಾರ್ಚ್ 18ರಿಂದ ಮೇ 28ರವರೆಗೆ, 72 ದಿನ ಬದುಕಿತ್ತು. ಮಾರ್ಕ್ಸ್‌ವಾದಿಗಳು ಅದನ್ನು ಕಾರ್ಮಿಕರ ಆಳ್ವಿಕೆಯ ಮೊದಲ ಮಾದರಿ ಎಂದರು. ಅರಾಜಕತಾವಾದಿಗಳು ಪ್ರಭುತ್ವವನ್ನೇ ಬಿಟ್ಟುಕೊಡುವ ಒಕ್ಕೂಟದ ಮಾದರಿ ಎಂದರು. ಆದೇಶಗಳು ಏನು ಹೇಳುತ್ತವೆ? ಏಪ್ರಿಲ್ ತಿಂಗಳೊಂದರಲ್ಲೇ ಚರ್ಚು ಮತ್ತು ಪ್ರಭುತ್ವದ ಬೇರ್ಪಡೆ, ಮಾಲೀಕರು ಬಿಟ್ಟುಹೋದ ಕಾರ್ಖಾನೆಗಳನ್ನು ಕಾರ್ಮಿಕರ ಸಹಕಾರಿಗಳಿಗೆ ಕೊಡುವ ತೀರ್ಮಾನ, ಬೇಕರಿಗಳಲ್ಲಿ ರಾತ್ರಿ ಪಾಳಿಯ ನಿಷೇಧ. ಬ್ಯಾಂಕ್ ಆಫ್ ಫ್ರಾನ್ಸನ್ನು ಮಾತ್ರ ಅವರು ವಶಪಡಿಸಿಕೊಳ್ಳಲಿಲ್ಲ. ಮೇ 1ರಂದು, ಅಧಿಕಾರವನ್ನು ಕೆಲವರ ಕೈಯಲ್ಲಿ ಕೇಂದ್ರೀಕರಿಸುವ ಸಾರ್ವಜನಿಕ ರಕ್ಷಣಾ ಸಮಿತಿ ರಚನೆಯಾಯಿತು. ಈ ಹೆಸರು 1793ರದ್ದು, ಹಿಂದಿನ ಕ್ರಾಂತಿಯದು. ಪರ 45, ವಿರುದ್ಧ 23 ಮತ. ಅಂದರೆ ಹಳೆಯ ಕ್ರಾಂತಿಯ ವೇಷ ತೊಡಬೇಕೋ ಬೇಡವೋ ಎಂಬ ಜಗಳ ಕಮ್ಯೂನಿನ ಒಳಗೇ, ಗುಂಡಿನ ಸದ್ದು ಹತ್ತಿರವಾಗುತ್ತಿದ್ದಾಗಲೇ ನಡೆದಿತ್ತು. ಎರಡೂ ಪಂಥಗಳು ದಾಖಲೆಯ ಒಂದೊಂದು ಭಾಗವನ್ನು ಹಿಡಿದಿವೆ, ಎರಡಕ್ಕೂ ಆಧಾರವಿದೆ. ಆದ್ದರಿಂದ ನಿಮ್ಮ ಫಲಕದಲ್ಲಿ ಆ 45–23 ಮತವನ್ನೇ ಮಧ್ಯದಲ್ಲಿಡಿ, ಎರಡೂ ಓದುಗಳನ್ನು ಅದರ ಎಡಬಲಕ್ಕೆ ಕೊಡಿ.

ಆಧಾರವಿಲ್ಲದ ಬಳಕೆ ಹೇಗಿರುತ್ತದೆ ಎಂದು ತೋರಿಸಲು 1967ರ ಶಾಂಘೈ ಸಾಕು. ಫೆಬ್ರವರಿಯಲ್ಲಿ ಅಲ್ಲಿ "ಶಾಂಘೈ ಜನತಾ ಕಮ್ಯೂನ್" ಘೋಷಣೆಯಾಯಿತು, ಹೆಸರು ಪ್ಯಾರಿಸಿನದು. ಪ್ಯಾರಿಸಿನಲ್ಲಿ ಸದಸ್ಯರನ್ನು ಜನ ಮತ ಹಾಕಿ ಆರಿಸಿದ್ದರು. ಶಾಂಘೈಯಲ್ಲಿ ಅಂಥ ಚುನಾವಣೆ ನಡೆಯಲೇ ಇಲ್ಲ, ತಿಂಗಳು ತುಂಬುವ ಮೊದಲೇ ಮಾವೋ ಸಲಹೆಯಂತೆ ಹೆಸರೂ ಬದಲಾಗಿ ಅದು "ಕ್ರಾಂತಿಕಾರಿ ಸಮಿತಿ"ಯಾಯಿತು.

ಚಿತ್ರಗಳಿಗೆ ಬೇರೆಯದೇ ಎಚ್ಚರ ಬೇಕು, ಯಾಕೆಂದರೆ ಫಲಕದ ಬರಹ ಓದದವರೂ ಚಿತ್ರ ನೋಡುತ್ತಾರೆ. ಭಗತ್ ಸಿಂಗ್‌ರ ನಾಲ್ಕೇ ನಾಲ್ಕು ಅಸಲಿ ಫೋಟೋಗಳು ಪ್ರಸಿದ್ಧವಾಗಿವೆ. ಹ್ಯಾಟ್ ತೊಟ್ಟ ಚಿತ್ರ 1929ರಲ್ಲಿ, ಅಸೆಂಬ್ಲಿಯಲ್ಲಿ ಬಾಂಬ್ ಎಸೆಯುವುದಕ್ಕೆ ಸ್ವಲ್ಪ ಮೊದಲು ದೆಹಲಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಎಲ್ಲವೂ ಕಪ್ಪು ಬಿಳುಪು. ಹಳದಿ ಪೇಟ, ಕೈಯಲ್ಲಿ ಪಿಸ್ತೂಲು ಇರುವ ಚಿತ್ರಗಳು ಆಮೇಲಿನ ಕಲಾವಿದರ ಕೆಲಸ. ಅಂಥ ಚಿತ್ರವನ್ನು ಹಾಕಬೇಡಿ ಎನ್ನುತ್ತಿಲ್ಲ. ಹಾಕುವುದಾದರೆ ಅಡಿಬರಹದಲ್ಲಿ "ನಂತರದ ಕಲಾಕೃತಿ" ಎಂದು ಬರೆದು, ಪಕ್ಕದಲ್ಲಿ ಅಸಲಿ ಫೋಟೋ ಇಡಿ. ನೋಡುವವರ ಕಣ್ಣಿಗೆ ಎರಡರ ನಡುವಿನ ಅಂತರ ತಾನಾಗಿ ಬೀಳುತ್ತದೆ.

ಇನ್ನೂ ಮುಖ್ಯವಾದದ್ದು, ಪಿಸ್ತೂಲಿನ ಚಿತ್ರದ ಜೊತೆ ಅವರ ಮಾತನ್ನೇ ಇಟ್ಟು ನೋಡುವುದು. 1929ರ ಜೂನ್ 6ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಯಲ್ಲಿ, ಕ್ರಾಂತಿಯೆಂದರೆ ಬಾಂಬು ಪಿಸ್ತೂಲಿನ ಆರಾಧನೆಯಲ್ಲ, ಅನ್ಯಾಯದ ಮೇಲೆ ನಿಂತ ವ್ಯವಸ್ಥೆ ಬದಲಾಗಬೇಕು ಎಂಬ ಅರ್ಥದ ಮಾತು ಬರುತ್ತದೆ. ಹಾಗಂತ 1928ರ ಡಿಸೆಂಬರ್‌ನ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯನ್ನು ಫಲಕದಿಂದ ತೆಗೆದುಹಾಕಿ ಅವರನ್ನು ಶಾಂತಿದೂತನನ್ನಾಗಿ ಮಾಡುವುದೂ ಸಲ್ಲದು. ಹಾಗೆಯೇ ಅವರ ನಾಸ್ತಿಕತೆಯ ಬರಹ. ಅವರ ಗಲ್ಲಿನ ನಂತರ, 1931ರ ಸೆಪ್ಟೆಂಬರ್‌ನಲ್ಲಿ ಲಾಹೋರಿನ ಪತ್ರಿಕೆಯಲ್ಲಿ ಅಚ್ಚಾದದ್ದು. ಅವರನ್ನು ತಮ್ಮ ಧರ್ಮದ ಯೋಧನೆಂದು ಬಿಂಬಿಸುವವರು ಅದನ್ನು ಬಿಡುತ್ತಾರೆ. ಯಾವ ಗುಂಪು ಏನನ್ನು ಬಿಟ್ಟಿದೆ ಎಂದು ಪಟ್ಟಿ ಮಾಡಿದರೆ ಸಾಕು, ಆ ಗುಂಪಿಗೆ ಏನು ಬೇಕಿತ್ತೆಂಬುದು ಅಲ್ಲೇ ತಿಳಿಯುತ್ತದೆ. ಉಕ್ತಿಗಳ ವಿಷಯದಲ್ಲಿ ನನ್ನ ನಿಯಮ ಬಿಗಿಯಾದದ್ದು: ಯಾವ ಬರಹ, ಯಾವ ತಾರೀಖು ಎಂದು ಹೇಳಲಾಗದ ಉಕ್ತಿಯನ್ನು ಫಲಕಕ್ಕೆ ಹಾಕಬಾರದು, ಅದು ಎಷ್ಟೇ ಚೆಂದವಿದ್ದರೂ.

ಹಳೆಯದಕ್ಕೂ ಹೊಸದಕ್ಕೂ ಹೋಲಿಕೆ ಕೊಡುವ ಫಲಕಗಳಲ್ಲಿ ಪುಟವನ್ನು ಎರಡು ಮಾಡಿ, ಹೋಲುವುದನ್ನು ಎಡಕ್ಕೆ, ಹೋಲದ್ದನ್ನು ಬಲಕ್ಕೆ ಬರೆಯಿರಿ. 2021ರ ಫೆಬ್ರವರಿ 23ರಂದು ದೆಹಲಿಯ ಗಡಿಗಳಲ್ಲಿ ಕೂತಿದ್ದ ರೈತರು "ಪಗಡಿ ಸಂಭಾಲ್ (ಪೇಟ ಕಾಪಾಡಿಕೋ) ದಿನ" ಆಚರಿಸಿದರು. ಅದು 1907ರ ಪಂಜಾಬಿನ ರೈತ ಚಳವಳಿಯ ನೆನಪು; ಭಗತ್ ಸಿಂಗ್‌ರ ಚಿಕ್ಕಪ್ಪ ಅಜಿತ್ ಸಿಂಗ್ ಅದರ ನಾಯಕರಲ್ಲೊಬ್ಬರು. ಕೃಷಿಕರ ಮಾತು ಕೇಳದೆ ಕಾನೂನು ಮಾಡಿದ್ದು, ಕಾನೂನನ್ನೇ ವಾಪಸ್ ಪಡೆಯಿರಿ ಎಂದು ಒತ್ತಾಯಿಸಿದ್ದು, ಎರಡೂ ಕಡೆ ಕೊನೆಗೆ ಕಾನೂನು ಬಿದ್ದದ್ದು, ಇವು ಎಡಕ್ಕೆ. ಬಲಕ್ಕೆ: 1907ರ ಮಸೂದೆ ಕಾಲುವೆ ವಸಾಹತುಗಳ, ಅಂದರೆ ನೀರಾವರಿ ಕಾಲುವೆ ತೋಡಿ ಸರ್ಕಾರ ರೈತರನ್ನು ನೆಲೆಗೊಳಿಸಿದ ಪ್ರದೇಶಗಳ, ಜಮೀನಿನ ವಾರಸುದಾರಿಕೆ ಮತ್ತು ಷರತ್ತುಗಳ ಕುರಿತದ್ದು, 2020ರ ಮೂರು ಕಾನೂನುಗಳು ಮಾರುಕಟ್ಟೆ, ಒಪ್ಪಂದ ಕೃಷಿ ಮತ್ತು ದಾಸ್ತಾನಿಗೆ ಸಂಬಂಧಿಸಿದ್ದು. ಆಗ ಮಸೂದೆಗೆ ಒಪ್ಪಿಗೆ ನಿರಾಕರಿಸಿದ್ದು ವೈಸ್‌ರಾಯ್, ಅದೇ ಹೊತ್ತಿಗೆ ಅಜಿತ್ ಸಿಂಗ್ ಮತ್ತು ಲಾಲಾ ಲಜಪತ ರಾಯರನ್ನು ಮಂಡಾಲೆಗೆ ಗಡಿಪಾರು ಮಾಡಲಾಗಿತ್ತು. ಈಗಿನದು ಚುನಾಯಿತ ಸಂಸತ್ತು ಮಾಡಿ, ಅದೇ ಸಂಸತ್ತು ರದ್ದುಪಡಿಸಿದ ಕಾನೂನು. ಬಲಗಡೆಯ ಪಟ್ಟಿ ಖಾಲಿ ಉಳಿದರೆ ನಿಮ್ಮ ಓದು ಇನ್ನೂ ಮುಗಿದಿಲ್ಲ ಎಂದೇ ತಿಳಿಯಿರಿ.

ಒಬ್ಬರೇ ವ್ಯಕ್ತಿ ಒಂದೇ ಕ್ರಾಂತಿಯನ್ನು ಎರಡು ಕಾಲದಲ್ಲಿ ಎರಡು ಬಗೆಯಲ್ಲಿ ಓದುವುದೂ ಉಂಟು. 1927ರ ಡಿಸೆಂಬರ್ 25ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಅಂಬೇಡ್ಕರ್, ಅಸ್ಪೃಶ್ಯರ ಹಕ್ಕುಗಳಿಗಾಗಿ ಸೇರಿದ್ದ ತಮ್ಮ ಸಮ್ಮೇಳನವನ್ನು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಸೋದರತೆಯನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಎರವಲು ಪಡೆದಿಲ್ಲ, ಬುದ್ಧನ ಬೋಧನೆಯಿಂದ ಪಡೆದದ್ದು ಎಂದು ಸ್ಪಷ್ಟಪಡಿಸಿದರು. ಒಂದನ್ನು ಇಟ್ಟು ಇನ್ನೊಂದನ್ನು ಬಿಟ್ಟ ಫಲಕ ಅರ್ಧ ಅಂಬೇಡ್ಕರರನ್ನು ತೋರಿಸುತ್ತದೆ. ಮೊದಲನೆಯದು ಒಂದು ಸಭೆಯ ಮಹತ್ವವನ್ನು ಜನರ ಮುಂದಿಡುವ ಮಾತು, ಎರಡನೆಯದು ತಮ್ಮ ತತ್ವದ ಬೇರು ಎಲ್ಲಿದೆ ಎಂದು ಹೇಳುವ ಮಾತು. ಎರಡೂ ತಾರೀಖು ಸಮೇತ ಇರಲಿ.

ಸಂಖ್ಯೆಗಳಲ್ಲಿ ಆಗುವ ಎಡವಟ್ಟಿಗೆ ಹೈಟಿ ಒಂದು ಪಾಠ. ಫ್ರೆಂಚ್ ವಸಾಹತಾಗಿದ್ದ ಅಲ್ಲಿ ಗುಲಾಮರ ದಂಗೆ 1791ರಲ್ಲಿ ಎದ್ದು, 1804ರ ಜನವರಿ 1ರಂದು ದೇಶ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಮಾನ್ಯತೆ ಬೇಕಾದರೆ 150 ದಶಲಕ್ಷ ಫ್ರಾಂಕ್ ಕೊಡಿ ಎಂದಿತು. 1838ರಲ್ಲಿ ಅದು 90 ದಶಲಕ್ಷಕ್ಕೆ ಇಳಿಯಿತು. 2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಅದನ್ನು ವಾಪಸ್ ಕೇಳಿದಾಗ ಮೊತ್ತ 2,100 ಕೋಟಿ ಡಾಲರ್ ದಾಟಿತ್ತು. ಮೊದಲ ಎರಡು ಅಂಕಿಗಳು ದಾಖಲೆಯವು. ಮೂರನೆಯದು ಲೆಕ್ಕ ಹಾಕಿ ತೆಗೆದದ್ದು, ಬಡ್ಡಿ ದರ ಬದಲಿಸಿದರೆ ಅದೂ ಬದಲಾಗುತ್ತದೆ. ಮೂರನ್ನೂ ಒಂದೇ ಅಕ್ಷರ ಗಾತ್ರದಲ್ಲಿ, ಒಂದೇ ಸಾಲಿನಲ್ಲಿ ಹಾಕಿದರೆ ಎದುರಾಳಿ ಮೂರನೆಯದನ್ನು ಪ್ರಶ್ನಿಸಿ ಮೊದಲೆರಡನ್ನೂ ತಳ್ಳಿಹಾಕುತ್ತಾನೆ. ನ್ಯಾಯವಾದ ಒಂದು ಹಕ್ಕೊತ್ತಾಯ ಹೀಗೆ ಬಲ ಕಳೆದುಕೊಳ್ಳುವುದು ನೋವಿನ ಸಂಗತಿ. ದಂಗೆಗೆ ಮುನ್ನ ಬ್ವಾ ಕೈಮಾನ್ ಎಂಬಲ್ಲಿ ನಡೆಯಿತೆನ್ನುವ ಪ್ರತಿಜ್ಞಾ ಸಮಾರಂಭದ ವಿವರಗಳಿಗೂ ಇದೇ ಎಚ್ಚರ ಬೇಕು. ಅದರ ಮೊದಲ ಮುದ್ರಿತ ವರದಿ 1814ರದ್ದು, ದಂಗೆಯ ವಿರೋಧಿಯಾಗಿದ್ದ ಫ್ರೆಂಚ್ ವೈದ್ಯನೊಬ್ಬ ಬರೆದದ್ದು. ಹೈಟಿಯ ಜನರಿಗೆ ಅದು ರಾಷ್ಟ್ರದ ಹುಟ್ಟಿನ ಕ್ಷಣ. ಎರಡು ಮಾತನ್ನೂ ಫಲಕದಲ್ಲಿ ಗೌರವದಿಂದ ಹೇಳಬಹುದು.

ಫಲಕ ಬರೆಯುವಾಗ ಪದಮಿತಿ ಇಟ್ಟುಕೊಳ್ಳಿ. 100 ಪದ ದಾಟಿದರೆ ನಿಂತು ಓದುವವರು ಕಡಿಮೆ. ಆ ನೂರರಲ್ಲಿ ಕನಿಷ್ಠ 15 ಪದ "ಇಲ್ಲಿ ಬಿಟ್ಟದ್ದು" ಎಂಬ ಸಾಲಿಗೆ ಮೀಸಲಿರಲಿ. ಮೂಲ ದಾಖಲೆಯ ಒಂದು ವಾಕ್ಯವಾದರೂ ಇರಲಿ. ಸೋಲನ್ನು ಸೋಲು ಎಂದೇ ಬರೆಯಿರಿ: ಕಮ್ಯೂನಿನ ಕೊನೆಯ ವಾರದಲ್ಲಿ ಪೇರ್ ಲಾಷೇಸ್ ಸ್ಮಶಾನದ ಗೋಡೆಗೆ ನಿಲ್ಲಿಸಿ 147 ಮಂದಿಯನ್ನು ಗುಂಡಿಟ್ಟು ಕೊಂದದ್ದನ್ನು "ಚಳವಳಿಗೆ ಹೊಸ ತಿರುವು" ಎಂದು ನಯಗೊಳಿಸಿದರೆ ಸತ್ತವರಿಗೆ ಅನ್ಯಾಯ. ಕರಡು ಮುಗಿದ ಮೇಲೆ ಆ ಓದನ್ನು ಒಪ್ಪದ ಒಬ್ಬರಿಂದಾದರೂ ಓದಿಸಿ, ತೀರ್ಪನ್ನು ಬದಲಿಸಲಿಕ್ಕಲ್ಲ, ತಾರೀಖು ಮತ್ತು ಆಧಾರ ಸರಿಯಿದೆಯೇ ಎಂದು ನೋಡಲಿಕ್ಕೆ.

ಪ್ರದರ್ಶನದ ದಿನ ಯಾರಾದರೂ ತಕರಾರು ತೆಗೆದರೆ ಫಲಕ ಇಳಿಸಬೇಡಿ, ಅವರ ಮಾತನ್ನು ತಳ್ಳಿಹಾಕಲೂ ಬೇಡಿ. 2019ರ ಡಿಸೆಂಬರ್‌ನಲ್ಲಿ ಮೆಕ್ಸಿಕೋ ನಗರದ ಬೆಯಾಸ್ ಆರ್ಟೆಸ್ ಅರಮನೆ ಎಂಬ ಕಲಾಕೇಂದ್ರದಲ್ಲಿ ಜಪಾಟಾನನ್ನು ಬೆತ್ತಲೆಯಾಗಿ, ಎತ್ತರ ಹಿಮ್ಮಡಿಯ ಚಪ್ಪಲಿ ತೊಟ್ಟವನಾಗಿ ಚಿತ್ರಿಸಿದ ಕೃತಿಯ ವಿರುದ್ಧ ರೈತ ಸಂಘಟನೆಗಳು ಪ್ರತಿಭಟಿಸಿದವು, ಕುಟುಂಬದವರೂ ಆಕ್ಷೇಪಿಸಿದರು. ಲೈಂಗಿಕ ಅಲ್ಪಸಂಖ್ಯಾತರ ಹೋರಾಟಗಾರರು ಕೃತಿಯ ಪರವಾಗಿ ನಿಂತರು. ಕೊನೆಗೆ ಚಿತ್ರ ಗೋಡೆಯ ಮೇಲೇ ಉಳಿಯಿತು, ಕುಟುಂಬದ ಅಸಮ್ಮತಿಯ ಬರಹವನ್ನು ಅದರ ಪಕ್ಕದಲ್ಲಿ ಅಂಟಿಸಲಾಯಿತು, ಪ್ರಚಾರ ಸಾಮಗ್ರಿಯಿಂದ ಮಾತ್ರ ಆ ಚಿತ್ರವನ್ನು ತೆಗೆದರು. ನಿಮ್ಮಲ್ಲೂ ಪ್ರತಿ ಫಲಕದ ಪಕ್ಕದಲ್ಲಿ ಎ4 ಹಾಳೆಯಷ್ಟು ಜಾಗ ಖಾಲಿ ಬಿಡಿ. ಆಧಾರ ಕೊಟ್ಟು ಆಕ್ಷೇಪಿಸಿದವರ ಬರಹವನ್ನು ತಾರೀಖು ಹಾಕಿ ಅಲ್ಲೇ ಅಂಟಿಸಿ.